ಬದುವಿನ ಹೊಂಗೆ, ಹೊಲದ ಎಂಜಿನ್

ಹಿರೀಸಾವೆಯಲ್ಲಿ ನನ್ನದು ಡೀಸೆಲ್ ಪಂಪು, ನಾಜಲ್ ರಿಪೇರಿ ಕೆಲಸ. ಟ್ರ್ಯಾಕ್ಟರು, ಟಿಲ್ಲರು, ಜೆನರೇಟರು ಯಾವುದೇ ಹೊಗೆ ಕಕ್ಕಲಿ, ಸುತ್ತಿನ ಹಳ್ಳಿಗಳವರು ಇಲ್ಲಿಗೇ ತರುತ್ತಾರೆ. ಹೊಗೆಯ ಬಣ್ಣ ನೋಡಿದರೆ ಅರ್ಧ ಕಾಯಿಲೆ ತಿಳಿಯುತ್ತದೆ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಕಪ್ಪು ಬಂದರೆ ಡೀಸೆಲ್ಲೇ ಪೂರ್ತಿ ಉರಿಯುತ್ತಿಲ್ಲ. ರೈತ ಕೊಟ್ಟ ದುಡ್ಡಿನಲ್ಲಿ ಒಂದು ಪಾಲು ಮಸಿಯಾಗಿ ಹೋಗುತ್ತಿದೆ, ಅದೇ ಮಸಿ ಅವನ ಎದೆಗೂ ಇಳಿಯುತ್ತಿದೆ.

ಪೂರ್ತಿ ಉರಿಯುವುದು ಎಂದರೇನು ಅಂತ ನೋಡಬೇಕಾದರೆ ನಾಜಲ್ ಟೆಸ್ಟರ್ ಮುಂದೆ ನಿಲ್ಲಬೇಕು. ಹಿಡಿ ಒತ್ತಿದಂತೆ ಗೇಜಿನ ಮುಳ್ಳು ಏರುತ್ತದೆ. ಹಳೆಯ ಪಂಪ್‌ಸೆಟ್ ಎಂಜಿನ್ನುಗಳಲ್ಲಿ 200 ಕೆ.ಜಿ. ಒತ್ತಡದ ಆಸುಪಾಸಿಗೆ ಸೂಜಿ ಎದ್ದು, ಕರ್‌ರ್ ಎಂದು ಸದ್ದು ಮಾಡಿ, ತೂತಿನಿಂದ ಎಣ್ಣೆ ಮಂಜಿನಂತೆ ಹೊರಡುತ್ತದೆ. ಎಣ್ಣೆ ಹನಿಯಾಗಿದ್ದಾಗ ಉರಿಯುವುದಿಲ್ಲ. ಹನಿಯ ಮೈಯಿಂದ ಎದ್ದ ಆವಿ ಗಾಳಿಯ ಜೊತೆ ಬೆರೆತು ಉರಿಯುತ್ತದೆ. ಹನಿ ಸಣ್ಣದಾದಷ್ಟೂ ಉರಿ ಚೊಕ್ಕ. ಕೆಟ್ಟ ನಾಜಲ್ಲಿನ ತುದಿಯಲ್ಲಿ ತೊಟ್ಟು ನಿಂತು ಜಿನುಗುತ್ತದೆ. ಕಪ್ಪು ಹೊಗೆ ಶುರುವಾಗುವುದು ಆ ತೊಟ್ಟಿನಿಂದಲೇ.

ಡೀಸೆಲ್ ಬೆಲೆ ಏರಿದಾಗಲೆಲ್ಲ ಯಾರಾದರೊಬ್ಬರು ಕೇಳುತ್ತಾರೆ: "ಅಣ್ಣ, ಬದುವಿನ ಮೇಲೆ ಹೊಂಗೆ ಮರ ಅವೆ. ಎಣ್ಣೆ ತೆಗ್ಸಿ ಎಂಜಿನ್ನಿಗೆ ಹಾಕಿದ್ರೆ ಓಡಲ್ವಾ?"

ಓಡುತ್ತದೆ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲೇ ಡೀಸೆಲ್ ಎಂಜಿನ್ ಒಂದನ್ನು ಕಡಲೆಕಾಯಿ ಎಣ್ಣೆಯಲ್ಲಿ ಓಡಿಸಿ ತೋರಿಸಿದ್ದರು. ನಮ್ಮಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಉಡುಪಿ ಶ್ರೀನಿವಾಸ ಅವರು ಕಗ್ಗನಹಳ್ಳಿ ಎಂಬ ಊರಿನಲ್ಲಿ ಹೊಂಗೆ ಎಣ್ಣೆಯಿಂದಲೇ ಜೆನರೇಟರ್ ಓಡಿಸಿ, ಹೊಲಗಳಿಗೆ ನೀರೆತ್ತುವ ವ್ಯವಸ್ಥೆ ಮಾಡಿದ್ದರು. ಆದರೆ ಅಂಥ ಎಂಜಿನ್ನಿನ ಹಿಂದೆ ನೋಡಿಕೊಳ್ಳುವ ತಿಳಿದವರಿದ್ದರು. ಗಾಣದಿಂದ ತಂದ ಎಣ್ಣೆಯನ್ನು ನೇರ ಟ್ಯಾಂಕಿಗೆ ಸುರಿಯಬೇಡಿ ಎಂದೇ ನಾನು ಹೇಳುವುದು. ಹಸಿ ಎಣ್ಣೆ ಡೀಸೆಲ್ಲಿಗಿಂತ ಸುಮಾರು ಹತ್ತು ಪಟ್ಟು ಮಂದ. ನಾಜಲ್ಲಿನಲ್ಲಿ ಅದು ಚೆನ್ನಾಗಿ ಚದುರುವುದಿಲ್ಲ. ಹೋಗ್ತಾ ಹೋಗ್ತಾ ತುದಿಗೆ ಇದ್ದಿಲು ಕಟ್ಟುತ್ತದೆ, ರಿಂಗು ಹಿಡಿದುಕೊಳ್ಳುತ್ತದೆ, ಕೆಳಗಿನ ಆಯಿಲ್ ಗಟ್ಟಿಯಾಗುತ್ತದೆ.

ಮಂದ ತೆಗೆಯುವ ದಾರಿ ಇದೆ. ಎಣ್ಣೆಯ ಒಂದೊಂದು ಅಣುವಿನಲ್ಲೂ ಮೂರು ಉದ್ದ ಕೊಂಡಿಗಳು ಗ್ಲಿಸರಿನ್ನಿಗೆ ಕಟ್ಟಿಕೊಂಡಿರುತ್ತವೆ. ಮೆಥನಾಲಿನಲ್ಲಿ ಸ್ವಲ್ಪ ಕಾಸ್ಟಿಕ್ ಕರಗಿಸಿ, ಬಿಸಿ ಎಣ್ಣೆಗೆ ಬೆರೆಸಿ ತಿರುಗಿಸಿದರೆ ಕೊಂಡಿಗಳು ಬಿಡಿಬಿಡಿಯಾಗಿ ಮೆಥನಾಲಿನ ಜೊತೆ ಸೇರುತ್ತವೆ. ಭಾರವಾದ ಗ್ಲಿಸರಿನ್ ತಳಕ್ಕೆ ಇಳಿಯುತ್ತದೆ. ಅದು ಸೋಪಿಗೆ ಆಗುತ್ತದೆ. ಮೇಲೆ ನಿಂತದ್ದನ್ನು ನೀರಿನಲ್ಲಿ ತೊಳೆದು ಆರಿಸಿದರೆ ಬಯೋಡೀಸೆಲ್. ಹಳೆಯ, ಬೂಸಲು ಬಂದ ಬೀಜದ ಎಣ್ಣೆಯಲ್ಲಿ ಆಮ್ಲ ಜಾಸ್ತಿ. ಅದಕ್ಕೆ ನೇರ ಕಾಸ್ಟಿಕ್ ಹಾಕಿದರೆ ಇಂಧನದ ಬದಲು ಸೋಪೇ ಆಗಿಬಿಡುತ್ತದೆ. ಹಾಗಾಗಿ ಮೊದಲು ಆಮ್ಲ ಇಳಿಸಿಕೊಳ್ಳಬೇಕು. ಇದನ್ನು ಮನೆಯ ಹಿತ್ತಲಲ್ಲಿ ಯಾರೂ ಮಾಡಬಾರದು. ಮೆಥನಾಲ್ ವಿಷ, ಅದರ ಜ್ವಾಲೆ ಹಗಲಲ್ಲಿ ಕಣ್ಣಿಗೇ ಬೀಳುವುದಿಲ್ಲ.

ಈ ಕೆಲಸವನ್ನು ಸರಿಯಾದ ಕ್ರಮದಲ್ಲಿ ಮಾಡಲೆಂದೇ ನಮ್ಮ ಜಿಲ್ಲೆಯಲ್ಲಿ ಒಂದು ಜಾಗವಿದೆ. ಶಾಂತಿಗ್ರಾಮದ ಕಡೆಯ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು 2007ರಲ್ಲಿ ಜೈವಿಕ ಇಂಧನ ಪಾರ್ಕ್ ಶುರು ಮಾಡಿದರು. ಅದರ ಹಿಂದೆ ದುಡಿದ ಪ್ರೊಫೆಸರ್ ಬಾಲಕೃಷ್ಣ ಗೌಡರ ಯೋಚನೆ ನನಗೆ ಇಂದಿಗೂ ಸರಿ ಎನಿಸುತ್ತದೆ: ರಾಗಿ ಬೆಳೆಯುವ ನೆಲ ಮುಟ್ಟಬೇಡಿ, ಬದು, ಬೇಲಿ, ಪಾಳು ಜಾಗದಲ್ಲಿ ಹೊಂಗೆ, ಬೇವು, ಹಿಪ್ಪೆ, ಸೀಮರೂಬ ಹಾಕಿ. ಬೇರೆ ಬೇರೆ ಮರದ ಬೀಜ ಬೇರೆ ಬೇರೆ ತಿಂಗಳಲ್ಲಿ ಬರುವುದರಿಂದ ಗಾಣಕ್ಕೂ ಕೈಗೂ ಕೆಲಸ ತಪ್ಪುವುದಿಲ್ಲ. ಬರೀ ಜಟ್ರೋಫಾ ನೆಟ್ಟು ಕೈಸುಟ್ಟುಕೊಂಡ ಕಡೆಗಳನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ.

ಬಯೋಡೀಸೆಲ್ಲಿನ ಮೈಯಲ್ಲೇ ನೂರಕ್ಕೆ ಸುಮಾರು 11 ಪಾಲು ಆಮ್ಲಜನಕ ಇರುತ್ತದೆ, ಗಂಧಕ ಇಲ್ಲವೆನ್ನುವಷ್ಟು ಕಮ್ಮಿ. ಅದಕ್ಕೇ ಮಸಿ, ಕಾರ್ಬನ್ ಮೊನಾಕ್ಸೈಡ್ ಇಳಿಯುತ್ತವೆ. ನೈಟ್ರೋಜನ್ ಆಕ್ಸೈಡ್ ಕೊಂಚ ಏರುವುದುಂಟು, ಲೀಟರಿಗೆ ಸಿಗುವ ಶಕ್ತಿಯೂ ಸ್ವಲ್ಪ ಕಮ್ಮಿ. ಹೊಸದಾಗಿ ಬಳಸುವವರು ಮೊದಲ ತುಂಬಿಸುವಿಕೆಯ ನಂತರ ಫಿಲ್ಟರ್ ಬದಲಿಸಲೇಬೇಕು, ಯಾಕೆಂದರೆ ಟ್ಯಾಂಕಿನ ತಳದಲ್ಲಿ ವರ್ಷಗಳಿಂದ ಕೂತ ಕೊಳೆಯನ್ನು ಇದು ಕರಗಿಸಿ ತರುತ್ತದೆ. ಹಳೇ ರಬ್ಬರ್ ಪೈಪುಗಳನ್ನೂ ನೋಡಿಕೊಳ್ಳಿ.

ಇಷ್ಟಿದ್ದೂ ಹೊಂಗೆ ಬೀಜ ಮರದ ಬುಡದಲ್ಲೇ ಕೊಳೆಯುತ್ತಿದೆ, ನನಗೆ ಸಂಕಟವಾಗುವುದು ಇಲ್ಲೇ. ಗಾಣದಲ್ಲಿ ಒಂದು ಲೀಟರ್ ಎಣ್ಣೆಗೆ ಸುಮಾರು 4 ಕೆ.ಜಿ. ಬೀಜ ಬೇಕು. ಕಾಯಿ ಆರಿಸಬೇಕು, ಒಣಗಿಸಬೇಕು, ಕೊಡತಿಯಲ್ಲಿ ಬಡಿದು ಸಿಪ್ಪೆ ಬಿಡಿಸಬೇಕು. ಹೆಚ್ಚಾಗಿ ಹೆಂಗಸರು, ವಯಸ್ಸಾದವರು ಮಾಡುವ ಕೆಲಸ ಅದು. ಬೀಜಕ್ಕೆ ಕೆ.ಜಿ.ಗೆ 30 ರೂಪಾಯಿ ಕೊಟ್ಟರೂ ಎಣ್ಣೆ ಬರುವ ಮುಂಚೆಯೇ ಲೀಟರಿಗೆ 120 ರೂಪಾಯಿ ಹೋಯಿತು. ಹಿಂಡಿ ಲೆಕ್ಕಕ್ಕೆ ತಗೊಂಡರೆ ಮಾತ್ರ ಇದು ಗಿಟ್ಟುತ್ತದೆ: ಉಳಿಯುವ ಸುಮಾರು 3 ಕೆ.ಜಿ. ಹಿಂಡಿ ತೆಂಗಿನ ಬುಡಕ್ಕೆ ಒಳ್ಳೆಯ ಗೊಬ್ಬರ, ಕೆ.ಜಿ.ಗೆ 20 ರೂಪಾಯಿ ಹಿಡಿದರೆ 60 ರೂಪಾಯಿ ಹಿಂದಕ್ಕೆ ಬಂತು. ನಮ್ಮ ಹೋಬಳಿಯಲ್ಲಿ ತೆಂಗಿಗೇನು ಬರವಿಲ್ಲ. ಬೀಜವನ್ನು ದೂರದ ಫ್ಯಾಕ್ಟರಿಗೆ ಕಳಿಸಿದರೆ ಎಣ್ಣೆಯ ಜೊತೆ ಹಿಂಡಿಯೂ ಹೋಗುತ್ತದೆ, ಲಾರಿ ಬಾಡಿಗೆ ಬೇರೆ.

2018ರ ರಾಷ್ಟ್ರೀಯ ನೀತಿ 2030ಕ್ಕೆ ಡೀಸೆಲ್ಲಿನಲ್ಲಿ ನೂರಕ್ಕೆ 5 ಪಾಲು ಬಯೋಡೀಸೆಲ್ ಬೆರೆಸುವ ಗುರಿ ಇಟ್ಟಿದೆ. ಪೆಟ್ರೋಲಿಗೆ ಎಥನಾಲ್ ಬೆರೆಸುವುದು 20ಕ್ಕೆ ಮುಟ್ಟಿತು. ಡೀಸೆಲ್ ಮಾತ್ರ ಆ 5ರ ಹತ್ತಿರಕ್ಕೂ ಬಂದಿಲ್ಲ. ದೇಶದ ಡೀಸೆಲ್ಲನ್ನೆಲ್ಲ ಹೊಂಗೆ ತುಂಬಿಸಲಾರದು. ಆದರೆ ಹೋಬಳಿಗೊಂದು ಗಾಣ, ಮಡೆನೂರಿನಂಥ ಕಡೆ ಪರೀಕ್ಷೆ ಮಾಡಿದ ಎಣ್ಣೆ, ಕಾಯಿ ತಂದವರಿಗೆ ಅವತ್ತೇ ಕೈಗೆ ದುಡ್ಡು ಇಷ್ಟಿದ್ದರೆ ನಮ್ಮ ಟಿಲ್ಲರು, ಜೆನರೇಟರುಗಳ ಒಂದು ಪಾಲನ್ನು ನಮ್ಮ ಬದುಗಳೇ ಓಡಿಸಬಲ್ಲವು. ಆ ಎಂಜಿನ್ನುಗಳ ನಾಜಲ್ ನೋಡಿಕೊಳ್ಳಲು ನಾನಂತೂ ಸಿದ್ಧ.