ಅಬು ಸಿಂಬೆಲ್: ವಾರಗಳ ಯಾನ ಒಂದು ದಿನಕ್ಕೆ ಇಳಿದ ಬಗೆ

ಈಜಿಪ್ಟಿನ ದಕ್ಷಿಣ ಗಡಿಗೆ ಹತ್ತಿರವಿರುವ ಅಬು ಸಿಂಬೆಲ್ ದೇಗುಲಗಳನ್ನು ನೋಡಲು ಆಸ್ವಾನ್ ನಗರದಿಂದ ಹೊರಡುವ ಒಂದು ದಿನದ ಪ್ರವಾಸ ಬಹುಮಟ್ಟಿಗೆ ಒಂದೇ ಕ್ರಮದಲ್ಲಿ ನಡೆಯುತ್ತದೆ. ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಹೋಟೆಲಿನ ಬಾಗಿಲಿಗೆ ವ್ಯಾನ್ ಬರುತ್ತದೆ. ಮರುಭೂಮಿಯಲ್ಲಿ ಸುಮಾರು 280 ಕಿ.ಮೀ. ಸಾಗಲು ಮೂರೂವರೆ ತಾಸು, ನೋಡಲು ಎರಡು ತಾಸು. ಮಧ್ಯಾಹ್ನದ ಹೊತ್ತಿಗೆ ಮತ್ತೆ ಆಸ್ವಾನ್. ಒಂದೂವರೆ ಶತಮಾನದ ಹಿಂದೆ ಇದೇ ಜಾಗ ತಲುಪಲು ಕೈರೋದಿಂದ ವಾರಗಟ್ಟಲೆ ನೈಲ್ ನದಿಯ ಮೇಲೆ ಕಳೆಯಬೇಕಿತ್ತು.

ಎರಡನೇ ರಾಮ್ಸೆಸ್ ಕ್ರಿ.ಪೂ. 13ನೇ ಶತಮಾನದಲ್ಲಿ ನೂಬಿಯಾದ ಮರಳುಗಲ್ಲಿನ ಬೆಟ್ಟವನ್ನು ಕೊರೆಸಿ ಇಲ್ಲಿ ಎರಡು ಗುಡಿಗಳನ್ನು ಮಾಡಿಸಿದ. ದೊಡ್ಡ ಗುಡಿಯ ಮುಂದೆ ಅವನದೇ ನಾಲ್ಕು ಆಸೀನ ಮೂರ್ತಿಗಳಿವೆ. ಒಂದೊಂದೂ ಸುಮಾರು 20 ಮೀಟರ್ ಎತ್ತರ. ಒಂದರ ಮೇಲ್ಭಾಗ ಪ್ರಾಚೀನ ಕಾಲದಲ್ಲೇ ಕುಸಿದು ಬಿದ್ದಿದೆ. ಒಳಗೋಡೆಗಳ ಮೇಲೆ ಹಿಟ್ಟೈಟರೊಡನೆ ನಡೆದ ಕಾದೇಶ್ ಯುದ್ಧದ ಚಿತ್ರಗಳಿವೆ. ಚಿಕ್ಕ ಗುಡಿ ರಾಣಿ ನೆಫರ್ತಾರಿ ಮತ್ತು ಹಾಥೋರ್ ದೇವತೆಯದು. ಇಲ್ಲಿಗೆ ಬಂದವರು ಹೆಸರು ಕೆತ್ತುವ ಚಾಳಿಯೂ ಹಳೆಯದೇ: ಕ್ರಿ.ಪೂ. 6ನೇ ಶತಮಾನದಲ್ಲಿ ದಂಡಯಾತ್ರೆಗೆ ಬಂದ ಗ್ರೀಕ್ ಬಾಡಿಗೆ ಸೈನಿಕರು ಮೂರ್ತಿಯೊಂದರ ಕಾಲಿನ ಮೇಲೆ ಗೀಚಿದ ಅಕ್ಷರಗಳನ್ನು ಇಂದಿಗೂ ಓದಬಹುದು.

ಮುಂದೆ ಮರಳು ಗುಡಿಯನ್ನು ನುಂಗಿತು. 1813ರಲ್ಲಿ ಸ್ವಿಸ್ ಪ್ರವಾಸಿ ಯೋಹಾನ್ ಬರ್ಕ್‌ಹಾರ್ಟ್ ನೆಫರ್ತಾರಿಯ ಗುಡಿ ನೋಡಿ ಹೊರಡುವಾಗ, ಮರಳಿನಲ್ಲಿ ಹೂತಿದ್ದ ಬೃಹತ್ ಮೂರ್ತಿಗಳು ಅವನ ಕಣ್ಣಿಗೆ ಬಿದ್ದವು. ಇಟಲಿಯ ಜೊವಾನಿ ಬೆಲ್ಜೋನಿ 1817ರ ಆಗಸ್ಟ್‌ನಲ್ಲಿ ಮರಳು ತೋಡಿಸಿ ಒಳಹೊಕ್ಕ. 1822ರಲ್ಲಿ ಚಿತ್ರಲಿಪಿಯ ಗುಟ್ಟು ಬಿಡಿಸಿದ ಶಾಂಪೋಲಿಯೋನ್ ಕೆಲವೇ ವರ್ಷಗಳಲ್ಲಿ ತಾನೇ ಇಲ್ಲಿಗೆ ಬಂದು ಗೋಡೆಗಳನ್ನು ಓದಿದ. ಗುಡಿ ಯಾರದು, ಚಿತ್ರಗಳು ಏನು ಹೇಳುತ್ತವೆ ಎಂಬುದು ತಿಳಿದ ಮೇಲೆಯೇ ವಿವರಿಸಿ ತೋರಿಸುವ ಪ್ರವಾಸಕ್ಕೆ ಅರ್ಥ ಬಂದದ್ದು.

ಆ ಕಾಲದ ಸಿರಿವಂತ ಪ್ರವಾಸಿಗಳು ದಹಬಿಯಾ ಎಂಬ ಹಾಯಿದೋಣಿಯನ್ನು ಇಡಿಯಾಗಿ ಬಾಡಿಗೆಗೆ ಹಿಡಿಯುತ್ತಿದ್ದರು. ಅಡುಗೆಯವರು, ನಾವಿಕರು, ಖರ್ಚುವೆಚ್ಚ, ಚೌಕಾಸಿ, ಭಾಷಾಂತರ ಎಲ್ಲವನ್ನೂ ನೋಡಿಕೊಳ್ಳುವವನು ಡ್ರಾಗೊಮಾನ್. ಇಂದಿನ ಗೈಡ್‌ನ ಹಿರೀಕ. ಇಂಗ್ಲಿಷ್ ಲೇಖಕಿ ಅಮೀಲಿಯಾ ಎಡ್ವರ್ಡ್ಸ್ 1874ರಲ್ಲಿ ಹೀಗೆ ಬಂದು ಎರಡು ವಾರ ಇದೇ ಬಂಡೆಯ ಬುಡದಲ್ಲಿ ತಂಗಿದ್ದರು. ಅಚ್ಚು ತೆಗೆದವರು ಮೂರ್ತಿಯೊಂದರ ಮುಖದಲ್ಲಿ ಬಿಟ್ಟುಹೋಗಿದ್ದ ಬಿಳಿ ಗಾರೆಯನ್ನು ನಾವಿಕರಿಂದ ಕೆರೆಸಿ, ಉಳಿದ ಕಲೆಗೆ ಕಾಫಿ ಬಳಿಸಿ ಕಲ್ಲಿನ ಬಣ್ಣಕ್ಕೆ ಹೊಂದಿಸಿದರು. 1877ರಲ್ಲಿ ಬಂದ ಅವರ ಪ್ರವಾಸಕಥನ ಇನ್ನಷ್ಟು ಜನರನ್ನು ನೈಲ್‌ನತ್ತ ಸೆಳೆಯಿತು.

ಅಷ್ಟರಲ್ಲಿ ಉಗಿಹಡಗು ಬಂದಿತ್ತು. ಥಾಮಸ್ ಕುಕ್ 1869ರಲ್ಲಿ ಎರಡು ಹಡಗುಗಳನ್ನು ಬಾಡಿಗೆಗೆ ಪಡೆದು ತನ್ನ ಮೊದಲ ತಂಡವನ್ನು ನೈಲ್ ಮೇಲೆ ಕರೆದೊಯ್ದ. ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕು, ಯಾವ ದಿನ ಯಾವ ಗುಡಿ ಎಂಬುದೆಲ್ಲ ಮೊದಲೇ ಗೊತ್ತಾಗಿರುವ ವೇಳಾಪಟ್ಟಿ ಅಲ್ಲಿಂದ ರೂಢಿಗೆ ಬಂತು. ಆದರೂ ಆಸ್ವಾನ್ ಬಳಿಯ ಬಂಡೆಗಳ ಇಳಿಜಾರಿನಲ್ಲಿ ನದಿ ಸುಲಭದ ದಾರಿಯಾಗಿರಲಿಲ್ಲ. ಅದರ ಮೇಲ್ಭಾಗದ ಶೆಲ್ಲಾಲ್‌ನಲ್ಲಿ ಬೇರೆ ಹಡಗು ಹತ್ತಬೇಕಿತ್ತು. 19ನೇ ಶತಮಾನ ಮುಗಿಯುವ ಮುನ್ನ ರೈಲು ಆಸ್ವಾನ್ ಮುಟ್ಟಿತಾದರೂ ಅಲ್ಲಿಂದ ಮುಂದಕ್ಕೆ ನದಿಯೇ ಗತಿ.

ಇದನ್ನು ಬದಲಿಸಿದ್ದು, ದೇಗುಲವನ್ನೇ ಮುಳುಗಿಸಲಿದ್ದ ಅಣೆಕಟ್ಟು. 1960ರ ಜನವರಿಯಲ್ಲಿ ಅಧ್ಯಕ್ಷ ನಾಸರ್ ಆಸ್ವಾನ್ ಮಹಾ ಅಣೆಕಟ್ಟಿನ ಕೆಲಸಕ್ಕೆ ಚಾಲನೆ ಕೊಟ್ಟರು. ಅದರ ಹಿನ್ನೀರು ಸುಡಾನಿನವರೆಗೆ ಹಬ್ಬಿ ನೂಬಿಯಾದ ಊರುಗಳನ್ನೂ ಸ್ಮಾರಕಗಳನ್ನೂ ಮುಳುಗಿಸಲಿತ್ತು. ಎರಡೂ ದೇಶಗಳಲ್ಲಿ ಸುಮಾರು ಒಂದು ಲಕ್ಷ ನೂಬಿಯನ್ನರು ಊರು ಬಿಟ್ಟರು. ಅದೇ ವರ್ಷದ ಮಾರ್ಚ್‌ನಲ್ಲಿ ಯುನೆಸ್ಕೊ ಸ್ಮಾರಕಗಳ ರಕ್ಷಣೆಗೆ ಜಗತ್ತಿನ ನೆರವು ಕೋರಿತು. ಭಾರತೀಯ ಪುರಾತತ್ವ ಸರ್ವೇಕ್ಷಣೆಯ ತಂಡವೂ ಬಿ.ಬಿ. ಲಾಲ್ ನೇತೃತ್ವದಲ್ಲಿ ನೂಬಿಯಾದ ಆಫಿಯೆಯಲ್ಲಿ ಉತ್ಖನನ ನಡೆಸಿತು.

ಅಬು ಸಿಂಬೆಲ್ ಉಳಿಸಲು ಹಲವು ಯೋಜನೆಗಳು ಬಂದವು. ಸುತ್ತ ತಡೆಗೋಡೆ ಕಟ್ಟುವುದು ಒಂದು, ಇಡೀ ಬೆಟ್ಟವನ್ನು ಜಾಕ್‌ಗಳಿಂದ ಎತ್ತುವುದು ಇನ್ನೊಂದು. ಕೊನೆಗೆ ಆಯ್ದದ್ದು ಕತ್ತರಿಸಿ ಸಾಗಿಸುವ ದಾರಿ. 1964ರಿಂದ 1968ರವರೆಗೆ ಗುಡಿಗಳನ್ನು ಬಹುಪಾಲು 20-30 ಟನ್ ತೂಕದ ಸಾವಿರಕ್ಕೂ ಹೆಚ್ಚು ತುಂಡುಗಳಾಗಿ ಗರಗಸದಿಂದ ಕೊಯ್ದು, ಸುಮಾರು 65 ಮೀಟರ್ ಮೇಲಕ್ಕೆ, 200 ಮೀಟರ್ ಹಿಂದಕ್ಕೆ ಒಯ್ದು ಮರುಜೋಡಿಸಲಾಯಿತು. ಮೇಲಿನ ಬೆಟ್ಟ ಕೃತಕ. ದೊಡ್ಡ ಗುಡಿಯ ಮೇಲೆ ಅದರ ಭಾರ ಹೊರುವುದು ಕಾಂಕ್ರೀಟ್ ಗುಮ್ಮಟ. ಬಿದ್ದಿದ್ದ ಮೂರ್ತಿಯ ತಲೆಯನ್ನು ಮೊದಲಿನಂತೆಯೇ ನೆಲದ ಮೇಲಿಟ್ಟರು. ಸುಮಾರು 4 ಕೋಟಿ ಡಾಲರ್ ವೆಚ್ಚದ ಈ ಕೆಲಸಕ್ಕೆ ದುಡಿದ ಸಾವಿರಾರು ಜನರಿಗಾಗಿ ಮರುಭೂಮಿಯಲ್ಲಿ ಒಂದು ಊರನ್ನೇ ಎಬ್ಬಿಸಬೇಕಾಯಿತು.

ದೇಗುಲ ಎತ್ತಿಟ್ಟ ಸುದ್ದಿ ಜಗತ್ತಿನ ಪತ್ರಿಕೆಗಳಲ್ಲಿ ತುಂಬಿತು. ಅದನ್ನು ನೋಡಬೇಕೆನ್ನುವವರು ಹೆಚ್ಚಿದಂತೆ ವಿಮಾನ ನಿಲ್ದಾಣ ಬಂತು, ಆಸ್ವಾನಿನಿಂದ ಟಾರು ರಸ್ತೆ ಬಂತು. ಹಗಲ ಬಿಸಿಲು ತಪ್ಪಿಸಲು ನಸುಕಿನಲ್ಲೇ ಹೊರಡುವ ರೂಢಿ ಬೆಳೆಯಿತು. 1990ರ ದಶಕದ ಉಗ್ರರ ದಾಳಿಗಳ ನಂತರ ಬಹುಕಾಲ ಪ್ರವಾಸಿ ವಾಹನಗಳು ಗೊತ್ತಾದ ಹೊತ್ತಿಗೆ ಪೊಲೀಸ್ ಕಾವಲಿನಲ್ಲಿ ಸಾಲುಗಟ್ಟಿಯೇ ಹೋಗಬೇಕಿತ್ತು. ಇದರಿಂದ ಎಲ್ಲರೂ ಒಟ್ಟಿಗೆ ಬಂದು ಒಟ್ಟಿಗೆ ತೆರಳುವಂತಾಯಿತು. ಒಳಗಿನ ಇಕ್ಕಟ್ಟಿನಲ್ಲಿ ಗದ್ದಲವಾಗದಂತೆ ಗೈಡ್‌ಗಳು ಹೊರಗಡೆಯೇ ಚಿತ್ರ ಹಿಡಿದು ವಿವರಿಸುತ್ತಾರೆ. ಪ್ರವಾಸಿಗಳು ಆಮೇಲೆ ತಾವಾಗಿ ಒಳಹೋಗುತ್ತಾರೆ. ಮರಳುವಾಗ ಮಹಾ ಅಣೆಕಟ್ಟನ್ನೂ, ಇದೇ ಅಭಿಯಾನದಲ್ಲಿ ಪಕ್ಕದ ದ್ವೀಪಕ್ಕೆ ಸ್ಥಳಾಂತರಗೊಂಡ ಫಿಲೇ ದೇಗುಲವನ್ನೂ ತೋರಿಸುವ ಪ್ರವಾಸಗಳಿವೆ.

ವರ್ಷದಲ್ಲಿ ಎರಡು ದಿನ ಮಾತ್ರ ಈ ವೇಳಾಪಟ್ಟಿ ನಡೆಯುವುದಿಲ್ಲ. ಫೆಬ್ರವರಿ 22 ಮತ್ತು ಅಕ್ಟೋಬರ್ 22ರಂದು ಸೂರ್ಯೋದಯದ ಕಿರಣ ಗರ್ಭಗುಡಿಯವರೆಗೆ ಹಾಯ್ದು ರಾಮ್ಸೆಸ್, ಅಮುನ್-ರಾ, ರಾ-ಹೊರಾಖ್ತಿ ಮೂರ್ತಿಗಳ ಮೇಲೆ ಬೀಳುತ್ತದೆ. ಪಾತಾಳಲೋಕದ ನಂಟಿರುವ ಪ್ತಾಹ್ ಕತ್ತಲಲ್ಲೇ ಉಳಿಯುತ್ತಾನೆ. ಅದನ್ನು ಕಾಣಬೇಕೆನ್ನುವವರು ಹಿಂದಿನ ರಾತ್ರಿಯೇ ಅಬು ಸಿಂಬೆಲ್ ತಲುಪಿರಬೇಕು.