ಬಸ್ಸಿಗೆ ಉಂಟು, ಲಾರಿಗೆ ಇಲ್ಲ!

ಪ್ರಶ್ನೆ: ಮಳೆಗಾಲದಲ್ಲಿ ಘಾಟಿ ರಸ್ತೆ ಬಂದ್ ಅನ್ನುತ್ತಾರೆ. ಆದರೂ ಕೆಲವೊಮ್ಮೆ ಬಸ್ಸು, ಕಾರು ಓಡುತ್ತಲೇ ಇರುತ್ತವೆ. ಇದೆಂಥ ಬಂದ್?

ಉತ್ತರ: ತೂಕದ ಬಂದ್ ಎನ್ನಿ. 1988ರ ಮೋಟಾರು ವಾಹನ ಕಾಯ್ದೆಯ 115ನೇ ಕಲಂ ಪ್ರಕಾರ ಎಲ್ಲ ವಾಹನಗಳನ್ನೂ ತಡೆಯಬಹುದು, ಬರೀ ಭಾರಿ ವಾಹನಗಳನ್ನೂ ತಡೆಯಬಹುದು. ಜಿಲ್ಲಾಧಿಕಾರಿಗಳ ಆದೇಶದಲ್ಲಿ ಅದು ಸ್ಪಷ್ಟವಾಗಿರುತ್ತದೆ. ವಾಟ್ಸಾಪ್‌ಗೆ ಬರುವಷ್ಟರಲ್ಲಿ ‘ಫುಲ್ ಬಂದ್’ ಆಗಿಬಿಟ್ಟಿರುತ್ತದೆ!

ಲಾರಿಗೇ ಏಕೆ ತಡೆ? ಚಾರ್ಮಾಡಿ ಘಾಟಿಯಂಥ ಕಡೆ ರಸ್ತೆಯ ಒಂದು ಬದಿ ಕಡಿದ ಗುಡ್ಡ, ಇನ್ನೊಂದು ಬದಿ ಪ್ರಪಾತ. ನೀರು ಕುಡಿದ ಮಣ್ಣಿಗೆ ಹಿಡಿತ ಕಡಿಮೆ. ಅಚ್ಚಿನ ಮೇಲಿನ ಭಾರ ಇಮ್ಮಡಿಯಾದರೆ ರಸ್ತೆಗಾಗುವ ಪೆಟ್ಟು ಸುಮಾರು 16 ಪಟ್ಟು ಎಂಬುದು ಎಂಜಿನಿಯರುಗಳ ಹಳೆಯ ಲೆಕ್ಕ. ಮೇಲಾಗಿ ತಿರುವಿನಲ್ಲೊಂದು ಲಾರಿ ಕೆಟ್ಟು ನಿಂತರೆ ಆಂಬುಲೆನ್ಸಿಗೂ ದಾರಿಯಿಲ್ಲ.

ಬದಲಿ ದಾರಿಯೆಂದು ಮ್ಯಾಪ್ ತೋರಿಸುವ ಹಳ್ಳಿರಸ್ತೆಯನ್ನು ಕಣ್ಮುಚ್ಚಿ ನಂಬಬೇಡಿ. ಅಲ್ಲಿನ ಮೋರಿಗಳು ಹೆದ್ದಾರಿಯ ಲಾರಿಗಳಿಗೆಂದು ಕಟ್ಟಿದವಲ್ಲ. ಶಾಲೆ ಬಿಡುವ ಹೊತ್ತು, ದನ ಮನೆಗೆ ಮರಳುವ ಹೊತ್ತು ಅದೇ ದಾರಿಯಲ್ಲಿ ಊರೂ ನಡೆಯುತ್ತಿರುತ್ತದೆ. ಇನ್ನು ಮುಳುಗುಸೇತುವೆ: ಹರಿಯುವ ನೀರು ಒಂದಡಿ ಇದ್ದರೆ ಸಣ್ಣ ಕಾರು ತೇಲಬಹುದು, ಎರಡಡಿಯಾದರೆ ಜೀಪಿಗೂ ಗ್ಯಾರಂಟಿಯಿಲ್ಲ. ಬೈಕಿನವರು ಇಳಿಯುವ ಮಾತೇ ಬೇಡ.

ಗುಡ್ಡದಿಂದ ಸಣ್ಣ ಕಲ್ಲು ಉದುರುತ್ತಿದ್ದರೆ, ಝರಿಯ ನೀರು ಇದ್ದಕ್ಕಿದ್ದಂತೆ ಕೆಂಪಾದರೆ ಅಲ್ಲಿ ನಿಲ್ಲಬೇಡಿ, ಸೆಲ್ಫಿಯಂತೂ ಬೇಡವೇ ಬೇಡ. ಸುರಕ್ಷಿತ ಜಾಗಕ್ಕೆ ಬಂದು 112ಕ್ಕೆ ಕರೆ ಮಾಡಿ. ರಾಷ್ಟ್ರೀಯ ಹೆದ್ದಾರಿಯಾದರೆ 1033.