ಗರ್ಭಿಣಿಯ ಸ್ತನಚರ್ಮ: ಸಹಜ ಪರಿವರ್ತನೆ ಮತ್ತು ರೋಗಸೂಚನೆ

ಪ್ರಯೋಗಾಲಯದ ಪರೀಕ್ಷೆಗಳು ಬಳಕೆಗೆ ಬರುವ ಮುನ್ನ ಗರ್ಭಧಾರಣೆಯನ್ನು ದೇಹಲಕ್ಷಣಗಳಿಂದಲೇ ನಿರ್ಣಯಿಸಬೇಕಾಗಿತ್ತು. ಚರಕ ಹಾಗೂ ಸುಶ್ರುತ ಸಂಹಿತೆಗಳೆರಡೂ ಸ್ತನಗಳ ತುದಿಭಾಗ ಕಪ್ಪಾಗುವುದನ್ನು ಗರ್ಭಿಣಿಯ ಲಕ್ಷಣಗಳಲ್ಲಿ ಎಣಿಸುತ್ತವೆ. ಕಾಳಿದಾಸನ ರಘುವಂಶದ ಮೂರನೆಯ ಸರ್ಗದಲ್ಲಿ ಬರುವ ಸುದಕ್ಷಿಣೆಯ ವರ್ಣನೆಯಲ್ಲಿಯೂ ಇದೇ ಲಕ್ಷಣವಿದೆ. ಐರ್ಲೆಂಡಿನ ಪ್ರಸೂತಿತಜ್ಞ ವಿಲಿಯಂ ಮಾಂಟ್‌ಗೊಮೆರಿ 1837ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸ್ತನಮಂಡಲದ ಕಿರುಗ್ರಂಥಿಗಳನ್ನು ವಿವರಿಸಿದನು. ಅವು ಇಂದಿಗೂ ಅವನ ಹೆಸರಿನಿಂದಲೇ ಗುರುತಿಸಲ್ಪಡುತ್ತವೆ.

ಈ ಪರಿವರ್ತನೆಗಳ ಮೂಲ ಹಾರ್ಮೋನುಗಳಲ್ಲಿದೆ. ಈಸ್ಟ್ರೋಜೆನ್, ಪ್ರೊಜೆಸ್ಟಿರಾನ್ ಮತ್ತು ಮೆಲನಿನ್ ಪ್ರಚೋದಕ ಹಾರ್ಮೋನುಗಳ ಪ್ರಮಾಣ ಹೆಚ್ಚಿದಂತೆ ಚರ್ಮದ ವರ್ಣಕೋಶಗಳು ಚುರುಕಾಗುತ್ತವೆ. ಸ್ತನಮಂಡಲವು ಕಪ್ಪಾಗಿ ಹಿಗ್ಗುತ್ತದೆ. ಸುಮಾರು ಐದನೆಯ ತಿಂಗಳಿನಲ್ಲಿ ಅದರ ಸುತ್ತ ಮಸುಕಾದ ಎರಡನೆಯ ವಲಯವೂ ಮೂಡಬಹುದು. ರಕ್ತಸಂಚಾರ ಹೆಚ್ಚಿ ನೀಲಿ ಸಿರೆಗಳು ಚರ್ಮದ ಕೆಳಗೆ ಎದ್ದು ಕಾಣುತ್ತವೆ. ಮಾಂಟ್‌ಗೊಮೆರಿ ಗ್ರಂಥಿಗಳು ಉಬ್ಬಿ, ಚರ್ಮವನ್ನು ಮೃದುವಾಗಿಡುವ ಜಿಡ್ಡನ್ನು ಸ್ರವಿಸುತ್ತವೆ. ಇವನ್ನು ಮೊಡವೆಯೆಂದು ಭಾವಿಸಿ ಹಿಸುಕಿದರೆ ಸೋಂಕು ತಗುಲುವ ಸಂಭವವುಂಟು. ಚರ್ಮವು ಹಿಗ್ಗುವುದರಿಂದ ಮೂಡುವ ಕೆಂಪು ಅಥವಾ ನೇರಳೆ ಗೆರೆಗಳು ಹೆರಿಗೆಯ ನಂತರ ಕ್ರಮೇಣ ಬೆಳ್ಳಗಾಗುತ್ತವೆಯೇ ಹೊರತು ಪೂರ್ಣವಾಗಿ ಅಳಿಯುವುದಿಲ್ಲ. ಕಪ್ಪುಬಣ್ಣವೂ ತಿಳಿಯಾಗುತ್ತದೆ, ಆದರೆ ಅನೇಕರಲ್ಲಿ ಮೊದಲಿನ ಸ್ಥಿತಿಗೆ ಮರಳುವುದಿಲ್ಲ.

ಸಾಮಾನ್ಯವಾಗಿ ಈ ಬದಲಾವಣೆಗಳು ಎರಡೂ ಸ್ತನಗಳಲ್ಲಿ, ನಿಧಾನವಾಗಿ ಕಾಣಿಸಿಕೊಳ್ಳುತ್ತವೆ. ಒಂದೇ ಸ್ತನದಲ್ಲಿ ಕೆಂಪು, ಬಾವು ಅಥವಾ ಕುಳಿ ಕಂಡುಬಂದರೆ, ಚರ್ಮವು ಕಿತ್ತಳೆಯ ಸಿಪ್ಪೆಯಂತೆ ಒರಟಾದರೆ, ತೊಟ್ಟಿನಿಂದ ರಕ್ತ ಒಸರಿದರೆ ಅದನ್ನು ಬಸಿರಿನ ಸಹಜ ಲಕ್ಷಣವೆಂದು ಬಗೆಯಲಾಗದು. ತೊಟ್ಟಿನ ಮೇಲಿನ ಇಸುಬಿನಂತಹ ಮಾಸದ ಗಾಯಕ್ಕೂ ಒಳಗಿನ ಕ್ಯಾನ್ಸರಿಗೂ ಇರುವ ಸಂಬಂಧವನ್ನು ಜೇಮ್ಸ್ ಪ್ಯಾಜೆಟ್ 1874ರಲ್ಲಿಯೇ ತೋರಿಸಿದ್ದನು. ಗರ್ಭಾವಸ್ಥೆಯಲ್ಲಿ ಸ್ತನ ಕ್ಯಾನ್ಸರ್ ವಿರಳ. ಆದರೆ ಸ್ತನವು ಸಹಜವಾಗಿಯೇ ಗಡುಸಾಗುವುದರಿಂದ ಗಡ್ಡೆಯು ಮರೆಯಾಗುತ್ತದೆ. ಎಲ್ಲವೂ ಬಸಿರಿನಿಂದಲೇ ಎಂಬ ನಂಬಿಕೆಯು ರೋಗನಿರ್ಣಯವನ್ನು ಇನ್ನಷ್ಟು ತಡಮಾಡುತ್ತದೆ. ಸಂಕೋಚವೂ ಇದಕ್ಕೆ ಸೇರಿಕೊಳ್ಳುತ್ತದೆ.

ಪರೀಕ್ಷೆಗಾಗಿ ಹೆರಿಗೆಯವರೆಗೆ ಕಾಯಬೇಕಿಲ್ಲ. ವಿಕಿರಣರಹಿತವಾದ ಅಲ್ಟ್ರಾಸೌಂಡ್ ಪರೀಕ್ಷೆಯನ್ನೂ ಸೂಜಿಯಿಂದ ಅಂಗಾಂಶದ ತುಣುಕನ್ನು ತೆಗೆಯುವ ಪರೀಕ್ಷೆಯನ್ನೂ ಗರ್ಭಿಣಿಯರಲ್ಲಿ ನಡೆಸಬಹುದು. ಆದುದರಿಂದ ಸಹಜ ಲಕ್ಷಣಗಳ ಅರಿವು ಗರ್ಭಿಣಿಯ ಅನಗತ್ಯ ಭಯವನ್ನು ನೀಗುವಂತೆಯೇ ಅಸಹಜವಾದುದನ್ನು ಸಕಾಲದಲ್ಲಿ ಗುರುತಿಸಲೂ ಆಧಾರವಾಗುತ್ತದೆ.